ಮನೆ ಮನೆಗೆ ಹೋಗುವುದಾ, ಸಭೆ ಕರೆಯುವುದಾ?

ಸಹಕಾರಿ ಜಮೀನು, ಮನೆ ಯೋಜನೆಗೆ ಜನರನ್ನು ಸೇರಿಸಲು ಹೊರಟಿದ್ದೀರಾ? ನೀವು ಇನ್ನೂ ನಾಲ್ಕೈದು ಜನ ಮಾತ್ರ ಇದ್ದರೆ ಮೊದಲು ಮನೆ ಮನೆಗೆ ಹೋಗಿ. ಸಭೆ ಆಮೇಲೆ.

ಸಭೆಯಿಂದ ಸಮಯ ಉಳಿಯುತ್ತದೆ, ನಿಜ. ಒಂದೇ ಸಂಜೆ ಐವತ್ತು ಜನರಿಗೆ ವಿಷಯ ತಲುಪುತ್ತದೆ. ಆದರೆ ಅಲ್ಲಿ ಬಾಯಿ ಬಿಡುವವರು ಮೂರೋ ನಾಲ್ಕೋ ಜನ, ಅಲ್ವಾ? ರಾತ್ರಿ ಪಾಳಿಯವರು, ಚಿಕ್ಕ ಮಕ್ಕಳಿರುವವರು, ಬಾಡಿಗೆ ಬಾಕಿ ಇರುವವರು ಬರುವುದೇ ಕಷ್ಟ. ಮನೆ ಜಾಸ್ತಿ ಬೇಕಾಗಿರುವುದು ಅವರಿಗೇ.

ಬಾಗಿಲಲ್ಲಿ ನಿಂತು ಮಾತಾಡಿದರೆ ನಿಜವಾದ ಪ್ರಶ್ನೆ ಬರುತ್ತದೆ: "ಜಮೀನು ನನ್ನ ಹೆಸರಿಗೆ ಬರಲ್ವಾ?" ಸಮುದಾಯ ಭೂ ಟ್ರಸ್ಟ್ ಮಾದರಿಯಲ್ಲಿ ಜಮೀನು ಟ್ರಸ್ಟಿನದು, ಮನೆ ನಿಮ್ಮದು, ಜಮೀನಿನ ಗುತ್ತಿಗೆ ಸಾಮಾನ್ಯವಾಗಿ 99 ವರ್ಷ, ಮುಂದೆ ಮನೆ ಮಾರಿದರೆ ಬೆಲೆಗೆ ಮಿತಿ ಇರುತ್ತದೆ, ಯಾಕೆಂದರೆ ನಿಮ್ಮ ನಂತರ ಬರುವವರಿಗೂ ಅದು ಕೈಗೆಟುಕಬೇಕು. ಆ ಮಿತಿಯ ವಿಷಯ ದಯವಿಟ್ಟು ಮುಚ್ಚಿಡಬೇಡಿ. ಆಮೇಲೆ ಗೊತ್ತಾದರೆ ನಂಬಿಕೆ ಹೋಗುತ್ತದೆ.

ಹಾಗಂತ ಸಭೆ ಸುಮ್ನೆ ಅಲ್ಲ. ಅಮೆರಿಕದ ಬಾಸ್ಟನ್‌ನ ಡಡ್ಲಿ ಸ್ಟ್ರೀಟ್ ಬಡಾವಣೆಯಲ್ಲಿ 1985ರಲ್ಲಿ ಸಂಘಟಕರು ಅಲ್ಲಿಯ ಹೊಸ ಸಂಘಟನೆಯ ಆಡಳಿತ ಮಂಡಳಿಯಲ್ಲಿ ಯಾರ್ಯಾರು ಇರಬೇಕೆಂಬ ಯೋಜನೆ ಮುಂದಿಟ್ಟಾಗ, ಅಲ್ಲಿಯ ನಿವಾಸಿಗಳು ಸಭೆಯಲ್ಲೇ ಎದ್ದು ಪ್ರಶ್ನಿಸಿದರು. ಕೊನೆಗೆ ಮಂಡಳಿಯಲ್ಲಿ ನಿವಾಸಿಗಳಿಗೇ ಬಹುಮತ ಸಿಕ್ಕಿತು. ಇಂಥ ತೀರ್ಮಾನ ಒಬ್ಬೊಬ್ಬರ ಬಾಗಿಲಲ್ಲಿ ಆಗುವುದಿಲ್ಲ, ಎಲ್ಲರೂ ಒಟ್ಟಿಗೆ ಕೂತಾಗಲೇ ಆಗುವುದು.

ಆದ್ದರಿಂದ ಮೊದಲ ತಿಂಗಳು ಬಾಗಿಲು ತಟ್ಟಿ, ಕೇಳಿದ ಪ್ರಶ್ನೆಗಳನ್ನು ಬರೆದಿಡಿ, ಸಭೆಯನ್ನು ಆ ಪ್ರಶ್ನೆಗಳಿಂದಲೇ ಶುರು ಮಾಡಿ.