ಪವರ್ ಸ್ಟೀರಿಂಗ್ ಪುಲ್ಲಿ ಬಿಚ್ಚೋದು: ರಾಡು, ಮೂರು ಕಾಲಿನ ಪುಲ್ಲರ್, ಹಬ್ ಪುಲ್ಲರ್ ಮೂರನ್ನೂ ನೋಡಿದ್ದಾಯ್ತು

ಗಾಡಿಯ ಪವರ್ ಸ್ಟೀರಿಂಗ್ ಪಂಪ್ ಸೋರುತ್ತಿತ್ತು, ಹೊಸದು ತರಿಸಿದೆ. ಡಬ್ಬಿ ಬಿಚ್ಚಿದರೆ ಪುಲ್ಲಿಯೇ, ಅಂದರೆ ಬೆಲ್ಟ್ ಓಡುವ ಚಕ್ರವೇ, ಇಲ್ಲ. ಎಷ್ಟೋ ಪಂಪ್‌ಗಳು ಹೀಗೆ ಬೋಳಾಗಿಯೇ ಬರುತ್ತವೆ, ಹಳೆಯದರ ಪುಲ್ಲಿ ತೆಗೆದು ಹೊಸದಕ್ಕೆ ಹಾಕಿಕೊಳ್ಳಬೇಕು. ಅಂದರೆ ಹಳೇ ಪಂಪ್ ಹಾಳಾದರೂ ಪರವಾಗಿಲ್ಲ, ಪುಲ್ಲಿ ಮಾತ್ರ ಉಳಿಯಬೇಕು. ಇದು ತಲೆಯಲ್ಲಿದ್ದಿದ್ದರೆ ನಾನು ಮೂರು ಕಾಲಿನ ಪುಲ್ಲರ್ ಕೈಗೆ ತಗೊಳ್ತಾನೇ ಇರಲಿಲ್ಲ.

ಶುರು ಮಾಡುವ ಮೊದಲು ಪುಲ್ಲಿಯ ನಡುವೆ ನೋಡಿ. ದೊಡ್ಡ ನಟ್ ಕಂಡರೆ ನಿಮ್ಮ ಅದೃಷ್ಟ, ಪುಲ್ಲಿ ತಿರುಗದ ಹಾಗೆ ಹಿಡಿದು ನಟ್ ಬಿಚ್ಚಿದರೆ ಹೆಚ್ಚಿನ ಕೆಲಸ ಮುಗಿದ ಹಾಗೆ. ನಟ್ ಇಲ್ಲ, ಶಾಫ್ಟ್‌ನ ತುದಿ ಮತ್ತು ಅದರಲ್ಲೊಂದು ಮರೆ, ಅಂದರೆ ಬೋಲ್ಟ್ ಹಿಡಿಯುವ ತಿರುಪಿನ ಗೆರೆ, ಇರುವ ತೂತು ಮಾತ್ರ ಕಾಣುತ್ತಿದೆ ಅಂದರೆ ಅದು ಒತ್ತಿ ಕೂರಿಸಿದ ಪುಲ್ಲಿ. ಶಾಫ್ಟ್‌ಗಿಂತ ಪುಲ್ಲಿಯ ತೂತು ಕೂದಲೆಳೆಯಷ್ಟು ಚಿಕ್ಕದಿರುತ್ತದೆ, ಆ ಬಿಗಿಯಲ್ಲೇ ಅದು ನಿಂತಿರುತ್ತದೆ. ನನ್ನದು ಇದೇ ಜಾತಿ.

ಮೊದಲು ರಾಡು. ಪುಲ್ಲಿಯ ಹಿಂದೆ ಎರಡು ಕಡೆ ರಾಡು ತೂರಿಸಿ ಮೀಟೋದು, ನಡುನಡುವೆ ಶಾಫ್ಟ್‌ಗೆ ಸುತ್ತಿಗೆ ಏಟು. ಖರ್ಚಿಲ್ಲ ಅನ್ನೋದೊಂದೇ ಇದರ ಒಳ್ಳೇ ಗುಣ. ರಾಡಿಗೆ ಆಧಾರ ಬೇಕಲ್ವಾ, ಅದು ಸಿಗೋದು ಪಂಪ್‌ನ ಮೈಮೇಲೆ, ಆ ಮೈ ಅಲ್ಯುಮಿನಿಯಂ. ಮೂರನೇ ಸಲ ಮೀಟಿದಾಗ ಒಂದು ಮೂಲೆ ಚಕ್ಕೆ ಎದ್ದು ಬಂತು. ಎಸೆಯೋ ಪಂಪ್ ಆಗಿದ್ದಕ್ಕೆ ಸರಿಹೋಯ್ತು, ಇಲ್ಲದಿದ್ದರೆ ಅಳಬೇಕಿತ್ತು. ಪುಲ್ಲಿ ಮಾತ್ರ ಒಂದು ಮಿಲಿಮೀಟರ್ ಕೂಡ ಅಲ್ಲಾಡಿರಲಿಲ್ಲ. ಸುತ್ತಿಗೆಯ ಏಟು ಇನ್ನೂ ಕೆಟ್ಟದ್ದು, ಅದು ಶಾಫ್ಟ್ ಮೂಲಕ ನೇರ ಒಳಗೆ ತಿರುಗುವ ರೋಟರ್‌ಗೂ ಶಾಫ್ಟ್ ಹಿಡಿದಿರುವ ಕ್ಲಿಪ್‌ಗೂ ಹೋಗುತ್ತದೆ. ಹೊರಗಿಂದ ನೋಡಿದರೆ ಏನೂ ಆದ ಹಾಗೆ ಕಾಣೋದಿಲ್ಲ.

ಕಾಯಿಸಿ ತೆಗೆಯೋ ಯೋಚನೆಯೂ ಬಂದಿತ್ತು, ಕೈಬಿಟ್ಟೆ. ಪುಲ್ಲಿಯ ಹಿಂದೆಯೇ ರಬ್ಬರ್ ಸೀಲ್, ಪಕ್ಕದಲ್ಲಿ ಪ್ಲಾಸ್ಟಿಕ್ ಡಬ್ಬಿ, ಅದರ ತುಂಬ ಹೊತ್ತಿಕೊಳ್ಳೋ ಎಣ್ಣೆ. ಬೇಡಪ್ಪ.

ಎರಡನೆಯದು ಮೂರು ಕಾಲಿನ ಪುಲ್ಲರ್, ಬೇರಿಂಗ್ ತೆಗೆಯಲು ಅಂತ ಮನೆಯಲ್ಲಿ ಬಿದ್ದಿತ್ತು. ಕಾಲುಗಳನ್ನು ಪುಲ್ಲಿಯ ಅಂಚಿಗೆ ಸಿಕ್ಕಿಸಿ ನಡುವಿನ ಬೋಲ್ಟ್ ತಿರುಗಿಸಿದೆ. ಇದು ಕೆಲಸ ಮಾಡಿತು, ಸುಳ್ಳು ಹೇಳಲ್ಲ, ಪುಲ್ಲಿ ಹೊರಗೆ ಬಂತು. ಆದರೆ ಬಿಗಿ ಇರೋದು ಹಬ್‌ನಲ್ಲಿ, ಅಂದರೆ ಶಾಫ್ಟ್ ಮೇಲೆ ಕೂರುವ ನಡುವಿನ ಭಾಗದಲ್ಲಿ, ನಾನು ಎಳೆದದ್ದು ಅಂಚನ್ನು, ಅಂಚು ಬರೀ ತಗಡು, ಹಾಗಾಗಿ ಹಬ್ ಸಡಿಲವಾಗುವ ಮೊದಲೇ ಅದು ನನ್ನ ಕಡೆಗೆ ಬಾಗಿಬಿಟ್ಟಿತ್ತು. ನೆಲದ ಮೇಲಿಟ್ಟರೆ ಹಳೇ ತಟ್ಟೆ ಥರ ಲಟಪಟ ಅನ್ನುತ್ತಿತ್ತು. ಅದನ್ನೇ ಹಾಕಿದ್ದರೆ ಬೆಲ್ಟ್ ಕಿರುಚಿ ಕಿರುಚಿ ಕೊನೆಗೆ ಹಾರಿಹೋಗುತ್ತಿತ್ತು. ಪ್ಲಾಸ್ಟಿಕ್ ಪುಲ್ಲಿ ಆಗಿದ್ದರೆ ಬಾಗೋ ಮಾತೇ ಇಲ್ಲ, ಒಡೆದೇ ಹೋಗೋದು. ನಿಮ್ಮ ಪುಲ್ಲಿಯಲ್ಲಿ ದೊಡ್ಡ ಕಿಂಡಿಗಳಿದ್ದು, ಕಾಲುಗಳು ಅದರಲ್ಲಿ ತೂರಿ ಹಬ್‌ನ ಹತ್ತಿರವೇ ಹಿಡಿಯೋ ಹಾಗಿದ್ದರೆ ಇದರಲ್ಲೂ ಆಗಬಹುದು. ಆದರೆ ಪಂಪ್ ಗಾಡಿಯಲ್ಲೇ ಇದ್ದಾಗ ಆ ಕಾಲುಗಳಿಗೆ ಜಾಗ ಸಿಗೋದು ಕಷ್ಟ.

ಕೊನೆಗೆ ಬೇರೆ ಪುಲ್ಲಿ ತಂದೆ. ಈಗ ತಮಾಷೆ ನೋಡಿ: ಅದನ್ನು ಕೂರಿಸಬೇಕಲ್ಲ! ಬಡಿದು ಕೂರಿಸಿದರೆ ಹೊಸ ಪಂಪ್‌ನ ಒಳಗಿರೋದೆಲ್ಲ ಹಾಳು. ಸರಿಯಾಗಿ ಕೂರಿಸಲು ಬೇಕಾದದ್ದು, ಬಿಚ್ಚುವಾಗ ಯಾಕೆ ಬೇಕು ಅಂತ ನಾನು ತಗೊಳ್ಳದೇ ಬಿಟ್ಟಿದ್ದ ಅದೇ ಸೆಟ್.

ಅದನ್ನು ಹಬ್ ಪುಲ್ಲರ್ ಸೆಟ್ ಅನ್ನೋಣ. ಈ ಥರದ ಪುಲ್ಲಿಯ ಹಬ್‌ನ ಮುಂದೆ ಸುತ್ತಲೂ ಒಂದು ಸಣ್ಣ ಕಾಲುವೆ ಕೊರೆದಿರುತ್ತಾರೆ. ಸುಮ್ನೆ ಕೊರೆದದ್ದಲ್ಲ. ಸೆಟ್‌ನಲ್ಲಿರುವ ಎರಡು ಅರ್ಧ ಬಳೆಗಳು ಅದರಲ್ಲಿ ಕೂರುತ್ತವೆ, ಬಳೆಗಳು ಅಗಲದ ಹಾಗೆ ಮೇಲೊಂದು ಕೊಳವೆ, ನಡುವೆ ಬೋಲ್ಟ್. ಎಳೆತ ಹಬ್‌ಗೆ, ಒತ್ತು ಶಾಫ್ಟ್‌ಗೆ, ಅಂಚನ್ನೂ ಪಂಪ್‌ನ ಮೈಯನ್ನೂ ಯಾರೂ ಮುಟ್ಟೋದಿಲ್ಲ. ಮುಂದೆ ಇನ್ನೊಂದು ಗಾಡಿಯ ಪಂಪ್‌ಗೆ ಸೀಲ್ ಬದಲಿಸುವಾಗ ಪಂಪ್, ಪುಲ್ಲಿ ಎರಡೂ ಉಳಿಯಬೇಕಿತ್ತು, ಆಗ ಬಿಚ್ಚಲೂ ಇದನ್ನೇ ಹಿಡಿದೆ.

ಇದೂ ಮೊದಲ ಸಲಕ್ಕೇ ಬರಲಿಲ್ಲ, ಅದನ್ನೂ ಹೇಳಿಬಿಡ್ತೀನಿ. ಕಾಲುವೆಯಲ್ಲಿ ತುಕ್ಕು, ಜಿಡ್ಡು ತುಂಬಿತ್ತು, ಬಳೆಗಳು ಅರ್ಧವಷ್ಟೇ ಕೂತಿದ್ದವು, ಬೋಲ್ಟ್ ಬಿಗಿಸುತ್ತಿದ್ದ ಹಾಗೆ ಜಾರಿ ಹಬ್‌ನ ತುಟಿಯನ್ನು ಸ್ವಲ್ಪ ಕಚ್ಚಿಕೊಂಡು ಬಂದವು. ಆ ತುಟಿ ಪೂರ್ತಿ ಹೋದರೆ ಈ ಪುಲ್ಲರ್‌ಗೆ ಹಿಡಿತವೇ ಇಲ್ಲ, ಅದಕ್ಕೇ ಎದೆ ಧಸಕ್ಕೆಂದಿತು. ತಂತಿ ಬ್ರಷ್‌ನಲ್ಲಿ ಕಾಲುವೆ ಚೆನ್ನಾಗಿ ಉಜ್ಜಿದೆ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಟ್ಟೆ, ಬೋಲ್ಟ್‌ನ ಮರೆಗೂ ತುದಿಗೂ ಗ್ರೀಸ್ ಬಳಿದೆ. ಆಮೇಲೆ ಒಂದು ಸ್ಪ್ಯಾನರ್‌ನಲ್ಲಿ ಪುಲ್ಲರ್ ಹಿಡಿದು ಇನ್ನೊಂದರಲ್ಲಿ ಬೋಲ್ಟ್ ತಿರುಗಿಸಿದೆ. ಟಕ್ ಅಂತ ಒಂದು ಸದ್ದು, ಅಲ್ಲಿಂದ ಬೆಣ್ಣೆ ಥರ ಬಂತು. ಬಡಿದು ಬಡಿದು ತಿರುಗಿಸುವ ಇಂಪ್ಯಾಕ್ಟ್ ಗನ್ ಹಚ್ಚಲಿಲ್ಲ, ಅಗ್ಗದ ಸೆಟ್ ಆದರೆ ಬೋಲ್ಟ್‌ನ ಮರೆಯೇ ಎದ್ದು ಬರುತ್ತದೆ.

ಬಿಚ್ಚುವ ಮೊದಲು ಒಂದು ಕೆಲಸ ಮರೀಬೇಡಿ: ಶಾಫ್ಟ್‌ನ ತುದಿ ಹಬ್‌ನ ಮುಖಕ್ಕೆ ಸಮ ಇದೆಯಾ, ಒಳಗಿದೆಯಾ, ಎಷ್ಟು ಅಂತ ಅಳೆದು ಬರೆದಿಡಿ. ವಾಪಸ್ ಅಷ್ಟೇ ಆಳಕ್ಕೆ ಕೂರಬೇಕು, ಇಲ್ಲವಾದರೆ ಬೆಲ್ಟ್ ಓರೆಯಾಗಿ ಓಡುತ್ತದೆ. ಇದೇ ಸೆಟ್‌ನ ಕೂರಿಸುವ ಬೋಲ್ಟನ್ನು ಶಾಫ್ಟ್‌ನ ತೂತಿಗೆ ಕೈಯಲ್ಲೇ ಆದಷ್ಟು ಆಳಕ್ಕೆ ತಿರುಗಿಸಿ. ಎರಡೇ ಸುತ್ತು ಹಿಡಿದಿದ್ದರೆ ಒತ್ತುವಾಗ ಶಾಫ್ಟ್‌ನ ಮರೆ ಕಿತ್ತುಬರುತ್ತದೆ. ನಾನು ಅಳತೆ ತಲುಪುವ ಸ್ವಲ್ಪ ಮೊದಲೇ ನಿಲ್ಲಿಸಿ, ಉಳಿದ ಪುಲ್ಲಿಗಳ ಮುಖಕ್ಕೆ ನೇರ ಪಟ್ಟಿ ಹಿಡಿದು ನೋಡಿ, ಆಮೇಲೆ ಕಾಲು ಸುತ್ತು, ಮತ್ತೆ ಕಾಲು ಸುತ್ತು ಅಂತ ಹೋದೆ.

ಬೆಲ್ಟ್ ಹಾಕಿ, ಎಣ್ಣೆ ತುಂಬಿಸಿ, ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ನಿಧಾನ ತಿರುಗಿಸಿ ಗಾಳಿ ತೆಗೆದೆ. ಕಿರುಚಾಟ ಇಲ್ಲ. ಬಾಗಿದ ಆ ಮೊದಲನೇ ಪುಲ್ಲಿ ಈಗ ನಟ್ಟು ಬೋಲ್ಟು ಹಾಕಿಡೋ ತಟ್ಟೆಯಾಗಿದೆ, ಲಟಪಟ ಅನ್ನೋದು ಮಾತ್ರ ನಿಂತಿಲ್ಲ.