ಕುಸಿದ ಹುಲ್ಲುಹಾಸಿಗೆ ನರ್ಸರಿಯವರ ದುರಸ್ತಿ

ಪೈಪು ಹೂಳಲು ತೋಡಿದ್ದ ಕಾಲುವೆಯ ಮಣ್ಣು ಮಳೆಗಾಲದಲ್ಲಿ ಕುಸಿದು, ಮೈಸೂರಿನ ನಮ್ಮ ಮನೆಯಂಗಳದ ಹುಲ್ಲುಹಾಸಿನಲ್ಲಿ ನೀರು ನಿಲ್ಲತೊಡಗಿದಾಗ, ಬಡಾವಣೆಯ ನರ್ಸರಿಯೊಂದರ ಮಾಲಿಗಳನ್ನು ಕರೆಸಿದೆವು. ಒಮ್ಮೆಲೇ ಮಣ್ಣು ಸುರಿಯದೆ, ಪೈಪು ಸೋರುತ್ತಿಲ್ಲವೆಂದು ಮೊದಲು ಖಚಿತಪಡಿಸಿಕೊಂಡದ್ದು ಮೆಚ್ಚತಕ್ಕ ಸಂಗತಿ. ಸೋರಿಕೆಯಿದ್ದರೆ ಎಷ್ಟು ತುಂಬಿದರೂ ನೆಲ ಮತ್ತೆ ಕುಸಿಯುತ್ತದೆ. ಆಳವಾಗಿದ್ದ ಕಡೆ ಹುಲ್ಲನ್ನು ಬೇರುಸಹಿತ ಸುಮಾರು 2 ಅಂಗುಲ ದಪ್ಪಕ್ಕೆ ಕತ್ತರಿಸಿ, ಚಾಪೆಯಂತೆ ಹಿಂದಕ್ಕೆ ಮಡಚಿ, ಕೆಂಪುಮಣ್ಣು, ಮರಳು ಮತ್ತು ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರದ ಮಿಶ್ರಣವನ್ನು ಪದರಪದರವಾಗಿ ತುಂಬಿ, ದಿಮ್ಮಸಿನಿಂದ ಗಟ್ಟಿಮಾಡಿ, ಹುಲ್ಲನ್ನು ಮರಳಿ ಹೊದಿಸಿ ನೀರುಣಿಸಿದರು. ತಗ್ಗು ಒಂದು ಅಂಗುಲಕ್ಕಿಂತ ಕಡಿಮೆಯಿದ್ದಲ್ಲಿ, ಹುಲ್ಲಿನ ತುದಿಗಳು ಕಾಣುವಂತೆ ಅರ್ಧ ಅಂಗುಲ ಮಣ್ಣನ್ನಷ್ಟೇ ಹರಡಿದರು. ಈಗ ನೀರು ನಿಲ್ಲುತ್ತಿಲ್ಲ. ಗೊಬ್ಬರದೊಂದಿಗೆ ಬಂದ ಕಳೆಬೀಜಗಳು ಮಾತ್ರ ಧಾರಾಳವಾಗಿ ಮೊಳೆತಿವೆ. ಅವನ್ನು ಕೀಳುವ ಕೂಲಿ ಬೇರೆಯೇ ಎನ್ನುವುದನ್ನು ಅವರು ಮೊದಲೇ ತಿಳಿಸಬೇಕಿತ್ತು.