ಏಳು ವರ್ಷ, ಒಂದೇ ಮ್ಯೂಸಿಕ್ ಆ್ಯಪ್: ಹಾಡು ಸಿಕ್ಕಿತು, ಹಾಡಿನ ಜಗಳ ಸಿಗಲಿಲ್ಲ

ಏಳು ವರ್ಷದಿಂದ ಒಂದೇ ಮ್ಯೂಸಿಕ್ ಆ್ಯಪ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ನನ್ನ ತಕರಾರು ಹೆಚ್ಚುಕಮ್ಮಿ ಈ ಜಾತಿಯ ಎಲ್ಲ ಆ್ಯಪ್‌ಗಳಿಗೂ ಸಲ್ಲುತ್ತದೆ.

ಮಾಮೂಲಿ ವಿಷಯ ಬೇಗ ಮುಗಿಸಿಬಿಡುತ್ತೇನೆ. ಸೌಂಡ್ ಚೆನ್ನಾಗಿದೆ. ಡೌನ್‌ಲೋಡ್ ಮಾಡಿಟ್ಟ ಹಾಡು ನೆಟ್‌ವರ್ಕ್ ಇಲ್ಲದ ಕಡೆ ಕೈಕೊಟ್ಟಿದ್ದು ಎರಡೇ ಸಲ. ಸ್ಪೆಲಿಂಗ್ ತಪ್ಪು ಹೊಡೆದರೂ ಹುಡುಕಿ ಕೊಡುತ್ತದೆ. ಬ್ಯಾಟರಿ ಸ್ವಲ್ಪ ಜಾಸ್ತಿ ತಿನ್ನುತ್ತದೆ. ಅಷ್ಟೇ.

ಮೂರನೇ ವರ್ಷದಲ್ಲಿ ಒಂದು ರಾತ್ರಿ, ಮಲಗುವ ಮುಂಚೆ ಕೇಳೋಣ ಅಂತ ಆ್ಯಪ್ ಕೊಟ್ಟ 'ನಿರಾಳ ಸಂಜೆ' ಥರದ ಪ್ಲೇಲಿಸ್ಟ್ ಒತ್ತಿದೆ. ನಾಲ್ಕನೇ ಹಾಡು ಅಮೆರಿಕದ ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಅವರ 'ಸ್ಟ್ರೇಂಜ್ ಫ್ರೂಟ್'. ಅಮೆರಿಕದಲ್ಲಿ ಕಪ್ಪು ಜನರನ್ನು ಗುಂಪುಕಟ್ಟಿ ಕೊಂದು ಮರಕ್ಕೆ ನೇತುಹಾಕುತ್ತಿದ್ದುದರ ಬಗ್ಗೆ 1939ರಲ್ಲಿ ರೆಕಾರ್ಡ್ ಆದ ಹಾಡು. ಅವರ ರೆಕಾರ್ಡ್ ಕಂಪನಿ ಕೊಲಂಬಿಯಾ ಅದನ್ನು ಮುಟ್ಟಲು ಒಪ್ಪಲಿಲ್ಲ. ಕೊನೆಗೆ ಕಮೊಡೋರ್ ಅನ್ನುವ ಸಣ್ಣ ಲೇಬಲ್ ಧೈರ್ಯ ಮಾಡಿತು. ಆದರೆ ಆ್ಯಪ್‌ನ ಲೆಕ್ಕದಲ್ಲಿ ಅದೇನು? ನಿಧಾನ ಗತಿ, ಹೆಣ್ಣು ದನಿ, ಪಿಯಾನೋ. ನಿದ್ದೆಗೆ ಒಳ್ಳೆಯದು! ಇಸವಿ ನೋಡಿದೆ, ಈ ಶತಮಾನದ್ದು ಅಂತ ತೋರಿಸಿತು. ಹಳೇ ರೆಕಾರ್ಡಿಂಗನ್ನು ಯಾವುದೋ ಸಂಗ್ರಹಕ್ಕೆ ಸೇರಿಸಿ ಮತ್ತೆ ಬಿಟ್ಟ ವರ್ಷ ಅದು. ಹಾಡು ಹುಟ್ಟಿದ ವರ್ಷ ಎಲ್ಲೂ ಇಲ್ಲ. ಬರೆದವರ ಹೆಸರು ಬೇಕಾದರೆ ಮೂರು ಚುಕ್ಕೆ ಒತ್ತಿ, ಕೆಳಗೆ ಉಜ್ಜಿ, ಇನ್ನೊಂದು ಪುಟ ತೆರೆಯಬೇಕು. ಕಂಪ್ಲೇಂಟ್ ಕಳಿಸಿದೆ. 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಅಂತ ಬಂತು. ಇಸವಿ ಇವತ್ತಿಗೂ ಹಾಗೇ ಇದೆ.

ಆಮೇಲೆ ನನಗೆ ಒಂದು ಚಟ ಅಂಟಿಕೊಂಡಿತು. ಪರದೆಯ ಮೇಲಿನ ಸಣ್ಣ ಗುರುತುಗಳನ್ನೇ ನೋಡುವುದು.

ಕೆಲವು ಹಾಡಿನ ಪಕ್ಕ ಒಂದು ಬೂದು ಚೌಕ, ಒಳಗೆ ಇಂಗ್ಲಿಷಿನ 'ಇ' ಅಕ್ಷರ ಇರುತ್ತದಲ್ಲ, ಅದರ ಹಿಂದೆ ದೊಡ್ಡ ರಾಜಕೀಯ ಇದೆ. 1985ರಲ್ಲಿ ಅಮೆರಿಕದ ಕೆಲವು ರಾಜಕಾರಣಿಗಳ ಹೆಂಡತಿಯರು, ಟಿಪ್ಪರ್ ಗೋರ್ ಮುಂತಾದವರು, ಹಾಡುಗಳಿಂದ ಮಕ್ಕಳು ಕೆಡುತ್ತಿದ್ದಾರೆ ಅಂತ ಸಂಘ ಕಟ್ಟಿದರು. ಸೆಪ್ಟೆಂಬರಿನಲ್ಲಿ ಸೆನೆಟ್ ವಿಚಾರಣೆಯೇ ನಡೆಯಿತು. ಸಂಗೀತಗಾರರಾದ ಫ್ರಾಂಕ್ ಝಪ್ಪಾ, ಜಾನ್ ಡೆನ್ವರ್, ಡೀ ಸ್ನೈಡರ್ ಹೋಗಿ ಸೆನ್ಸಾರ್ ಬೇಡ ಅಂತ ವಾದಿಸಿದರು. ರೆಕಾರ್ಡ್ ಕಂಪನಿಗಳು ಮಾತ್ರ ಅಂಥ ಹಾಡಿನ ಆಲ್ಬಮ್‌ಗೆ ಎಚ್ಚರಿಕೆಯ ಸ್ಟಿಕರ್ ಅಂಟಿಸಲು ಒಪ್ಪಿಕೊಂಡವು. ಖಾಲಿ ಕ್ಯಾಸೆಟ್ ಮೇಲೆ ಸುಂಕ ಹಾಕಿಸಿಕೊಡಿ ಅಂತ ಅವು ಅದೇ ಹೊತ್ತಿನಲ್ಲಿ ಸರ್ಕಾರದ ಮುಂದೆ ಕೈಚಾಚಿದ್ದವು. ಈ ಎರಡಕ್ಕೂ ನಂಟಿದೆ ಅಂತ ಝಪ್ಪಾ ವಿಚಾರಣೆಯಲ್ಲೇ ಎತ್ತಿ ಆಡಿದರು. ಆ ಸ್ಟಿಕರಿನ ಮೊಮ್ಮಗನೇ ಈ ಚೌಕ.

ಈಗ ಆ ಗುರುತಿನ ಹಾಡುಗಳನ್ನೆಲ್ಲ ತಡೆಯಲು ಒಂದು ಸ್ವಿಚ್ ಬೇರೆ ಇದೆ. ಮಕ್ಕಳ ಅಕೌಂಟಿನಲ್ಲಿ ನಾನೇ ಒತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ. ಸುಮ್ನೆ ಬೈಗುಳ ತುಂಬಿದ ಹಾಡೂ ಹೋಯಿತು, ಪೊಲೀಸರ ಹೊಡೆತ ತಿಂದವರು ಸಿಟ್ಟಿನಲ್ಲಿ ಹಾಡಿದ್ದೂ ಹೋಯಿತು. ಸ್ವಿಚ್ಚಿಗೆ ಎರಡೂ ಒಂದೇ.

ಇನ್ನೊಂದು ಗುರುತು, ರಾತ್ರೋರಾತ್ರಿ ಮಂಕಾಗುವ ಹಾಡು. ನನ್ನ ಪಟ್ಟಿಯಲ್ಲಿ ಸದ್ಯ ಹನ್ನೊಂದಿವೆ. ಲೈಸೆನ್ಸ್ ಮುಗಿದರೆ ಹೀಗಾಗುತ್ತದೆ, ಕಾರಣ ಹೇಳುವ ಪದ್ಧತಿ ಇಲ್ಲ. 2024ರಲ್ಲಿ ಯೂನಿವರ್ಸಲ್ ಅನ್ನುವ ಮ್ಯೂಸಿಕ್ ಕಂಪನಿ ಮತ್ತು ಟಿಕ್‌ಟಾಕ್ ಮುನಿಸಿಕೊಂಡಾಗ ಸುಮಾರು ಮೂರು ತಿಂಗಳು ಎಷ್ಟೋ ವಿಡಿಯೋಗಳು ಮೂಕವಾದವು, ನೆನಪಿದೆಯಾ? ಅದೇ ಕಥೆ. ಟೇಲರ್ ಸ್ವಿಫ್ಟ್ ಅವರ ಹಳೇ ಆಲ್ಬಮ್ ಎರಡೆರಡು ಕಾಣುವುದೂ ಇಂಥದ್ದೇ. 2019ರಲ್ಲಿ ಅವರ ಮೂಲ ರೆಕಾರ್ಡಿಂಗ್‌ಗಳು ಬೇರೆಯವರ ಕೈ ಸೇರಿದವು. 2021ರಿಂದ ಅವರು ಮತ್ತೆ ಹಾಡಿ ಬಿಟ್ಟರು. 2025ರಲ್ಲಿ ಹಳೆಯದನ್ನೂ ಕೊಂಡುಕೊಂಡರು. ಆ್ಯಪ್‌ನಲ್ಲಿ ಹೊಸದರ ಪಕ್ಕ 'ಟೇಲರ್ಸ್ ವರ್ಶನ್' ಅಂತಿದೆ. ಯಾಕೆ ಅಂತ ಒಂದು ಸಾಲೂ ಇಲ್ಲ.

ಇನ್ನು ದುಡ್ಡಿನ ವಿಷಯ. ನಾನು ಕಟ್ಟಿದ್ದು ನಾನು ಕೇಳಿದವರಿಗೇ ಹೋಗುತ್ತದೆ ಅಂತ ನಾಲ್ಕು ವರ್ಷ ನಂಬಿದ್ದೆ. ಹಾಗಲ್ಲ. ಎಲ್ಲರ ದುಡ್ಡೂ ಒಂದೇ ಹುಂಡಿಗೆ ಬೀಳುತ್ತದೆ. ಹುಂಡಿಯಿಂದ ಹಾಡಿನವರಿಗೆ ಹೋಗುವ ಪಾಲನ್ನು ಒಟ್ಟು ಎಷ್ಟು ಸಲ ಪ್ಲೇ ಆಯಿತು ಅನ್ನುವುದರ ಮೇಲೆ ಹಂಚುತ್ತಾರೆ. ಇಬ್ಬರೇ ಗಿರಾಕಿಗಳು ಅಂದುಕೊಳ್ಳಿ, ಇಬ್ಬರದೂ ಒಂದೇ ಶುಲ್ಕ. ನಾನು 10 ಸಲ ಕೇಳಿದೆ, ಇನ್ನೊಬ್ಬರು 990 ಸಲ ಕೇಳಿದರು. ನನ್ನ ಹಾಡುಗಾರರಿಗೆ ಸಿಗುವುದು ನೂರಕ್ಕೆ ಒಂದು ಪಾಲು. ಹುಂಡಿಯಲ್ಲಿ ಅರ್ಧ ನನ್ನದೇ ಇತ್ತು, ಅಲ್ವಾ? ಸೌಂಡ್‌ಕ್ಲೌಡ್ ಅನ್ನುವ ಇನ್ನೊಂದು ಆ್ಯಪ್ 2021ರಲ್ಲಿ ಸ್ವತಂತ್ರ ಕಲಾವಿದರಿಗೆ ಕೇಳುಗರ ಲೆಕ್ಕದಲ್ಲೇ ಕೊಡಲು ಶುರುಮಾಡಿತು. ಅಂದರೆ ಆಗದ ಕೆಲಸವೇನಲ್ಲ. ಸ್ಪಾಟಿಫೈ 2024ರಿಂದ ಹನ್ನೆರಡು ತಿಂಗಳಲ್ಲಿ 1000 ಪ್ಲೇ ಮುಟ್ಟದ ಹಾಡಿಗೆ ರೆಕಾರ್ಡಿಂಗ್ ಪಾಲನ್ನೇ ಕೊಡುವುದಿಲ್ಲ. ಅಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಪ್ಲೇ. ಈಗಿನ ಎಷ್ಟೋ ಹಾಡುಗಳಲ್ಲಿ ಪೀಠಿಕೆಯ ಸಂಗೀತವೇ ಇಲ್ಲದೆ ಪಲ್ಲವಿ ಬಂದು ಮುಖಕ್ಕೆ ಬಡಿಯುವುದು ಯಾಕೆ ಅಂತ ನನಗೆ ಆಗ ಹೊಳೆಯಿತು.

ಹಿಂದಿನ ಕಾಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ರೇಡಿಯೋದವರು ಲಂಚ ತಿಂದು ಹಾಡು ಹಾಕುತ್ತಿದ್ದುದು ಅಮೆರಿಕದಲ್ಲಿ 1959-60ರ ಹೊತ್ತಿಗೆ ವಿಚಾರಣೆಗೇ ಬಂತು. ಅಲನ್ ಫ್ರೀಡ್ ಅಂಥ ಹೆಸರಾಂತ ಡಿಜೆ ಕೆಲಸ ಕಳೆದುಕೊಂಡರು. ಈಗ ಕೆಲವು ಕಡೆ ಕಡಿಮೆ ರಾಯಲ್ಟಿಗೆ ಒಪ್ಪಿದರೆ ಹಾಡನ್ನು ಮುಂದೆ ತಳ್ಳುವ ಏರ್ಪಾಟಿದೆ. ಲಕೋಟೆಯಲ್ಲಿ ಕೊಡುತ್ತಿದ್ದುದನ್ನು ಈಗ ಕಡಿತದಲ್ಲಿ ಕೊಡುತ್ತಾರೆ.

ಬಿಟ್ಟೆನಾ? ಇಲ್ಲ. ಇಷ್ಟೊಂದು ಹಾಡು ಒಂದೇ ಕಡೆ ಸಿಗುವಾಗ ಬಿಡುವುದು ಕಷ್ಟ. ಆಟೋಪ್ಲೇ ಆಫ್ ಮಾಡಿದ್ದೇನೆ. ಮೂಡ್ ಪ್ಲೇಲಿಸ್ಟ್ ಮುಟ್ಟುವುದಿಲ್ಲ. ತಿಂಗಳಿಗೊಂದು ಆಲ್ಬಮನ್ನು ಹಾಡಿದವರಿಂದಲೇ ನೇರ ಕೊಳ್ಳುತ್ತೇನೆ. ಜೊತೆಗೆ ಬರುವ ಪುಟ್ಟ ಪುಸ್ತಕದಲ್ಲಿ ತಬಲಾ ಯಾರು, ಮಿಕ್ಸಿಂಗ್ ಯಾರು ಎಲ್ಲ ಇರುತ್ತದೆ.

ಐದಕ್ಕೆ ಮೂರು ಸ್ಟಾರ್. ಬಿಲ್ಲಿ ಹಾಲಿಡೇ ಹಾಡಿನ ಕೆಳಗೆ 1939 ಅಂತ ಕಂಡ ದಿನ ಇನ್ನೊಂದು ಸೇರಿಸುತ್ತೇನೆ.